ಸಂದರ್ಶನಕ್ಕೆ ಬಣ್ಣ ಹಚ್ಚಿಕೊಂಡ ಕೈ

ಕಡೂರಿನ ಆ ಕಚೇರಿಯಲ್ಲಿ ನಾನು ಟೈಪ್ ಮಾಡಿ ಮುಗಿಸಿದ ಹಾಳೆಯನ್ನು ಮ್ಯಾನೇಜರು ಕೈಗೆ ತೆಗೆದುಕೊಳ್ಳಲಿಲ್ಲ. ಮೇಜಿನ ಅಂಚಿನಲ್ಲಿಡುವಂತೆ ಗಲ್ಲದಲ್ಲೇ ಸನ್ನೆ ಮಾಡಿದರು. ಆಮೇಲೆ ಅಡಿಕೋಲಿನ ತುದಿಯಿಂದ ಅದನ್ನು ತಮ್ಮತ್ತ ಎಳೆದುಕೊಂಡು ಓದಿದರು. ತಪ್ಪುಗಳಿರಲಿಲ್ಲ, ಅಂಚು ಸಮನಾಗಿತ್ತು, ಒತ್ತಕ್ಷರಗಳು ಸರಿಯಾದ ಜಾಗದಲ್ಲೇ ಕೂತಿದ್ದವು. "ಚೆನ್ನಾಗಿದೆಯಮ್ಮಾ, ಕಾಗದ ಬರೀತೀವಿ" ಎಂದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಜವಾನನಿಗೆ ಹೇಳಿದ್ದು ಕೇಳಿಸಿತು: "ಆ ಕುರ್ಚಿ ಒಂದ್ಸಾರಿ ಒರೆಸಪ್ಪಾ."

ನನ್ನ ಬಲಗೈಯಲ್ಲಿ ತೊನ್ನಿತ್ತು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ ಹೆಬ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಕಾಣಿಸಿಕೊಂಡದ್ದು ಟೈಪಿಂಗ್ ಕಲಿತು ಮುಗಿಸುವಷ್ಟರಲ್ಲಿ ಬೆರಳುಗಳಿಂದ ಮಣಿಕಟ್ಟಿನವರೆಗೆ ಹಬ್ಬಿತ್ತು. ಎಡಗೈಯ ಎರಡು ಬೆರಳ ತುದಿಯೂ ಬೆಳ್ಳಗಾಗಿದ್ದವು. ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಮ್ಮ ಮನೆ ಶಿವನಿಯ ಸ್ಟೇಷನ್ನಿನ ಹತ್ತಿರ. ಅವ್ವ ನಾಟಿ ಔಷಧಿ ಅರೆದು ಹಚ್ಚಿ ಬಿಸಿಲಿಗೆ ಕೂರಿಸಿದ್ದಳು, ಹರಕೆ ಹೊತ್ತಿದ್ದಳು. ಯಾವುದರಿಂದಲೂ ಆಗದಿದ್ದಾಗ ಆಕೆ ಹೊರಗಿನವರ ಎದುರು ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚುವ ಅಭ್ಯಾಸ ಮಾಡಿಕೊಂಡಳು. ನನಗೂ ಅದು ಅಭ್ಯಾಸವಾಯಿತು.

ಕಡೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಕೆಲಸ ಕೇಳಲು ಹೋಗುವವರಿಗೆಲ್ಲ ಒಂದೇ ಪಾಠ ಹೇಳಿಕೊಡುತ್ತಿದ್ದರು. ಸೀರೆಗೆ ಇಸ್ತ್ರಿ ಇರಬೇಕು, ತಲೆಗೆ ಎಣ್ಣೆ ಹೆಚ್ಚಾಗಬಾರದು, ಕೂರು ಎನ್ನುವವರೆಗೆ ಕೂರಬಾರದು, ಮಾತಾಡುವಾಗ ನೆಲ ನೋಡಬಾರದು. ಅರ್ಜಿಯನ್ನು ಬಲಗೈಯಲ್ಲೇ ಕೊಡಬೇಕು. "ಎಡಗೈಲಿ ಕೊಟ್ರೆ ಅಲ್ಲಿಗೇ ಮುಗೀತು. ಮೊದಲನೇ ನಿಮಿಷದಲ್ಲೇ ಅವರು ನಿಮ್ಮನ್ನ ತೀರ್ಮಾನ ಮಾಡ್ಬಿಟ್ಟಿರ್ತಾರೆ" ಎನ್ನುತ್ತಿದ್ದರು. ನನ್ನ ಕಡೆ ತಿರುಗಿದಾಗ ಮಾತ್ರ ಆ ಬಲಗೈಯ ಮಾತನ್ನು ಅವಸರದಲ್ಲಿ ದಾಟಿಬಿಡುತ್ತಿದ್ದರು. ಒಳ್ಳೆಯವರು, ಏನು ಹೇಳಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಕಡೂರಿನಿಂದ ಕಾಗದ ಬರಲಿಲ್ಲ. ಬೀರೂರಿನಲ್ಲಿ ಒಂದು ಕಡೆ ಟೈಪಿಂಗ್ ಪರೀಕ್ಷೆಯನ್ನೇ ಕೊಡಲಿಲ್ಲ. ಕೆಲಸ ಬೇರೆಯವರಿಗೆ ಆಗಿಹೋಗಿದೆ ಎಂದರು. ನನ್ನ ಹಿಂದೆ ಬಂದ ಹುಡುಗಿಯನ್ನು ಒಳಗೆ ಕರೆದರು. ಆವತ್ತು ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಊರಿಗೆ ಬರುವಾಗ ಎಂಜಿನ್ನಿನ ಮಸಿ ಕಿಟಕಿಯಿಂದ ಹಾರಿ ಬಂದು ಕೈಮೇಲೆ ಕೂರುತ್ತಿತ್ತು. ಒರೆಸಿಕೊಳ್ಳುವ ಬದಲು ಅದನ್ನು ಬಿಳಿ ಕಲೆಯ ಮೇಲೆ ತಿಕ್ಕಿ ನೋಡಿದೆ. ಒಂದು ಗಳಿಗೆ ಕೈ ಬೇರೆಯವರ ಕೈಯ ಹಾಗೆ ಕಂಡಿತು.

ಉಪಾಯ ಹೇಳಿದವಳು ಲಿಂಗದಹಳ್ಳಿಗೆ ಮದುವೆಯಾಗಿ ಹೋಗಿದ್ದ ಅಕ್ಕ. ಅವರಲ್ಲಿ ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿ ಚೊಗರು ಮಾಡಿ ಇಟ್ಟುಕೊಳ್ಳುತ್ತಾರೆ. ಅಡಿಕೆಗೆ ಬಣ್ಣ ಕೊಡುವುದು ಅದೇ. "ಒಂದ್ಸಲ ಕೈಗೆ ಹತ್ತಿದ್ರೆ ವಾರಗಟ್ಲೆ ಹೋಗಲ್ಲ ಕಣೇ. ನೋಡು, ನನ್ ಉಗುರು ಹೆಂಗಾಗ್ಯದೆ" ಎಂದು ಕೈ ತೋರಿಸಿ, ಒಂದು ಬಾಟಲಿಯಲ್ಲಿ ತುಂಬಿಸಿ ಕೊಟ್ಟಳು.

ಬರೀ ಚೊಗರು ಬಿಳಿ ಚರ್ಮದ ಮೇಲೆ ಮಂಕಾಗಿ ನಿಲ್ಲುತ್ತಿತ್ತು. ಒಂದು ಚಿಟಿಕೆ ಸುಣ್ಣ ಬೆರೆಸಿದರೆ ಬಣ್ಣ ಕಚ್ಚುತ್ತದೆ ಎಂದು ನಾನೇ ಕಂಡುಕೊಂಡೆ. ಹತ್ತಿಯಲ್ಲಿ ಅದ್ದಿ ಕಲೆಯ ಒಳಗಿನಿಂದ ಅಂಚಿನ ಕಡೆಗೆ ಹಚ್ಚಬೇಕು. ಅಂಚು ದಾಟಿದರೆ ಅಲ್ಲೊಂದು ಕಪ್ಪು ಗೆರೆ ಬೀಳುತ್ತದೆ. ಒಣಗಿದ ಮೇಲೆ ಎಣ್ಣೆ ಸವರಿ ಒರೆಸಿ, ಮತ್ತೊಂದು ಸಲ ಹಚ್ಚಬೇಕು. ಬೆರಳ ಗೆಣ್ಣುಗಳ ಮೇಲೆ ನಿಲ್ಲಿಸುವುದೇ ಕಷ್ಟ, ಯಾಕೆಂದರೆ ಟೈಪಿಸ್ಟಿನ ಗೆಣ್ಣು ಸುಮ್ಮನೆ ಇರುವುದಿಲ್ಲ. ಕೊನೆಗೆ ಬಂದ ಬಣ್ಣ ನನ್ನ ಮೈಬಣ್ಣಕ್ಕಿಂತ ಒಂದು ಚೂರು ಕೆಂಪಗಿತ್ತು. ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ.

ತರೀಕೆರೆಯಲ್ಲಿ ರೈತರಿಗೆ ಬೀಜ, ಗೊಬ್ಬರ ಮಾರುವ ಒಂದು ಸಂಘಕ್ಕೆ ಕನ್ನಡ ಟೈಪಿಸ್ಟ್ ಬೇಕಾಗಿದ್ದರು. ಸಂದರ್ಶನಕ್ಕೆ ಹಾಗೆ ಹೋದೆ. ಅರ್ಜಿಯನ್ನು ಬಲಗೈಯಲ್ಲಿ ಕೊಟ್ಟೆ. ಕಾರ್ಯದರ್ಶಿಗಳು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡಿ ಮಾತಾಡುವವರು. "ಸ್ಟೆನ್ಸಿಲ್ ಕಟ್ ಮಾಡೋಕೆ ಬರುತ್ತೇನಮ್ಮಾ?" ಎಂದರು. ಬರುತ್ತದೆ ಎಂದೆ. ಒಂದೇ ಸುತ್ತೋಲೆಯ ನೂರಾರು ಪ್ರತಿ ತೆಗೆಯಲು ಬೇಕಾದ ಮೇಣದ ಹಾಳೆ ಅದು. ಒಂದನ್ನು ಕೊಟ್ಟು ಮಾಡಿಸಿ ನೋಡಿದರು. ಮೇಣದ ಹಾಳೆಯನ್ನು ಕಿಟಕಿಗೆ ಹಿಡಿದು ಅಕ್ಷರಗಳಿಂದ ಬೆಳಕು ತೂರಿ ಬರುವುದನ್ನು ಪರೀಕ್ಷಿಸಿ, "ಸೋಮವಾರದಿಂದ ಬಾ" ಎಂದರು.

ಬಸ್ಸಿನಲ್ಲಿ ಅಜ್ಜಂಪುರ ದಾಟುವವರೆಗೂ ನಾನು ನಗುತ್ತಲೇ ಇದ್ದೆ. ಮನೆಯಲ್ಲಿ ಅಪ್ಪ ಎದ್ದು ಹೋಗಿ ಸ್ಟೇಷನ್ ಹೋಟೆಲಿನಿಂದ ಎಲ್ಲರಿಗೂ ಮೈಸೂರು ಪಾಕು ತಂದರು.

ಕೆಲಸ ಸಿಕ್ಕಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಸಂದರ್ಶನ ಅರ್ಧ ಗಂಟೆಯದು. ಆಮೇಲಿನ ಪ್ರತಿಯೊಂದು ದಿನವೂ ನನಗೆ ಸಂದರ್ಶನವೇ ಆಗಿತ್ತು. ಭಾನುವಾರ ಪೂರ್ತಿ ಬಣ್ಣ, ಗುರುವಾರ ಸಂಜೆ ತಿದ್ದುಪಡಿ. ಮಧ್ಯಾಹ್ನ ಊಟವಾದ ಮೇಲೆ ಕೈಯನ್ನು ಉಜ್ಜಿ ತೊಳೆಯುವಂತಿಲ್ಲ. ಬೇಸಿಗೆಯಲ್ಲಿ ಬೆವರಿದರೆ ಕರವಸ್ತ್ರವನ್ನು ಒತ್ತಿ ತೆಗೆಯಬೇಕು, ಒರೆಸಬಾರದು. ಕನ್ನಡ ಟೈಪ್‌ರೈಟರಿನ ಕೀಲಿಗಳು ಇಂಗ್ಲಿಷಿನದಕ್ಕಿಂತ ಗಟ್ಟಿ. ಸ್ಟೆನ್ಸಿಲ್‌ಗಾದರೆ ರಿಬ್ಬನ್ ಸರಿಸಿ, ಅಕ್ಷರದ ಅಚ್ಚು ನೇರ ಮೇಣವನ್ನು ಕೊರೆಯುವಂತೆ ಹೊಡೆಯಬೇಕು. ತಪ್ಪಾದರೆ ಕೆಂಪು ದ್ರಾವಣ ಹಚ್ಚಿ, ಊದಿ ಒಣಗಿಸಿ, ಅದೇ ಜಾಗದಲ್ಲಿ ಮತ್ತೆ ಹೊಡೆಯಬೇಕು. ಆ ದ್ರಾವಣ ತಾಕಿದರೆ ಬೆರಳ ಮೇಲಿನ ಚೊಗರು ಚಕ್ಕೆಚಕ್ಕೆಯಾಗಿ ಏಳುತ್ತಿತ್ತು.

ಒಂದು ದಿನ ಕಾರ್ಯದರ್ಶಿಗಳು ಹಾಳೆಯೊಂದನ್ನು ಎತ್ತಿ ಹಿಡಿದರು. ಮೂಲೆಯಲ್ಲಿ ಕಂದು ಕಲೆ. "ಎಲೆಅಡಿಕೆ ಹಾಕ್ಕೊಂಡು ಟೈಪ್ ಮಾಡ್ತೀಯೇನಮ್ಮಾ?"

"ಇಲ್ಲ ಸಾರ್."

"ಮತ್ತೇನಿದು? ಇಲಾಖೆಗೆ ಹೋಗೋ ಕಾಗದ ಕಣಮ್ಮಾ. ಚೆನ್ನಾಗಿರೋ ಹುಡುಗಿ, ಈ ಚಟ ಬಿಡು."

ನಾನು ಹೂಂ ಎಂದೆ. ಎಲೆಅಡಿಕೆ ಹಾಕುವವಳು ಎಂದೇ ಅವರು ತಿಳಿದುಕೊಳ್ಳಲಿ ಎನಿಸಿತು. ಆ ಹೊತ್ತಿಗೆ ನನಗೆ ಅದು ದೊಡ್ಡ ರಿಯಾಯಿತಿಯಾಗಿ ಕಂಡಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಕೈ ಉರಿಯತೊಡಗಿತು. ಸುಣ್ಣ ಒಳಗೊಳಗೇ ಸುಡುತ್ತಿತ್ತು. ಮೊದಲು ತುರಿಕೆ, ಆಮೇಲೆ ನೀರುಗುಳ್ಳೆ, ಆಮೇಲೆ ಗೆಣ್ಣುಗಳ ಮೇಲೆ ಬಿರುಕು. ಸುಣ್ಣ ಕಡಿಮೆ ಮಾಡಿದರೆ ಬಣ್ಣ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಶಿಫ್ಟ್ ಕೀಲಿ ಒತ್ತಿದಾಗ ಕಿರುಬೆರಳಿನಿಂದ ರಕ್ತ ಬಂದು ಕೀಲಿಯ ಮೇಲೆ ನಿಂತಿತು. ಹೊಟ್ಟೆನೋವು ಎಂದು ಹೇಳಿ ಆಸ್ಪತ್ರೆಗೆ ಹೋದೆ.

ಅಲ್ಲಿದ್ದ ಲೇಡಿ ಡಾಕ್ಟರು ಮೊದಲು ಬೆಚ್ಚಗಿನ ನೀರಿನಲ್ಲಿ ನನ್ನ ಕೈ ತೊಳೆಯಿಸಿದರು. ನೀರು ಕೆಂಪಾಯಿತು. ಅವರು ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ತಿರುವಿ ತಿರುವಿ ನೋಡಿದರು.

"ಏನ್ ಹಚ್ತಿದ್ದೆ?"

ಹೇಳಿದೆ.

"ಯಾತಕ್ಕೆ?"

"ಕೆಲ್ಸಕ್ಕೆ."

ಅವರು ಹತ್ತಿ ತೆಗೆದು ಗೆಣ್ಣಿನ ಬಿರುಕುಗಳನ್ನು ಒರೆಸಿದರು. "ಇದು ಅಂಟೋ ಕಾಯಿಲೆ ಅಲ್ಲ, ಕುಷ್ಠವೂ ಅಲ್ಲ. ಚರ್ಮದ ಬಣ್ಣ ಹೋಗಿದೆ, ಅಷ್ಟೇ. ಆದ್ರೆ ಒಂದು ವಿಷಯ ತಿಳ್ಕೋ. ಕೆಲವರಿಗೆ ಗಾಯ ಆದ ಕಡೆಗೆಲ್ಲ ಇದು ಹರಡುತ್ತೆ. ಈ ಸುಟ್ಟಿರೋ ಜಾಗ ಎಲ್ಲ ನಾಳೆ ಬೆಳ್ಳಗಾಗ್ಬಹುದು."

ಮುಚ್ಚಲು ಹೋಗಿ ಬೆಳೆಸಿಕೊಂಡಿದ್ದೆ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತೆ. ಅವರು ಕಟ್ಟು ಕಟ್ಟಿ, ವಾಸಿಯಾಗುವವರೆಗೆ ಏನೂ ಹಚ್ಚಬೇಡ ಎಂದು ಕಳಿಸಿದರು.

ಒಂದು ವಾರ ರಜೆ ಹಾಕಿ, ಕಟ್ಟು ಬಿಚ್ಚಿದ ದಿನ ನೇರವಾಗಿ ಕಾರ್ಯದರ್ಶಿಗಳ ಮುಂದೆ ಹೋಗಿ ಕೈ ತೋರಿಸಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದ್ಲೇ ಹೇಳ್ಬೇಕಾಗಿತ್ತಲ್ಲಮ್ಮಾ."

"ಹೇಳಿದ್ರೆ ಕೆಲ್ಸ ಕೊಡ್ತಿದ್ರಾ ಸಾರ್?"

ಅವರು ಯೋಚನೆ ಮಾಡಿದರು. ಸುಳ್ಳು ಹೇಳುವ ಮನುಷ್ಯರಲ್ಲ. "ಇಲ್ಲ" ಎಂದರು. ಆಮೇಲೆ, "ನಿನ್ ಕೆಲ್ಸದ ಮೇಲೆ ನಂದೇನೂ ದೂರಿಲ್ಲ. ಆದ್ರೆ ಇಲ್ಲಿಗೆ ರೈತ್ರು ಬರ್ತಾರೆ, ಡೈರೆಕ್ಟರ್‌ಗಳು ಬರ್ತಾರೆ. ಒಂದ್ ಕೆಲ್ಸ ಮಾಡು. ಗ್ಲೌಸ್ ಹಾಕ್ಕೊಂಡು ಟೈಪ್ ಮಾಡು. ಯಾರಾದ್ರೂ ಕೇಳಿದ್ರೆ ಚರ್ಮಕ್ಕೆ ಇಂಕ್ ಆಗಲ್ಲ ಅಂತ ಹೇಳಣ" ಎಂದರು. ಅವರ ಮಟ್ಟಿಗೆ ಅದು ಉಪಕಾರವೇ.

ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಟೈಪ್ ಮಾಡಲು ನಿಜವಾಗಿಯೂ ಪ್ರಯತ್ನಪಟ್ಟೆ. ಬೆರಳ ತುದಿಗೆ ಕೀಲಿಯ ಅಂಚು ತಿಳಿಯುತ್ತಿರಲಿಲ್ಲ. ಒಂದನ್ನು ಒತ್ತಿದರೆ ಎರಡು ಏಳುತ್ತಿದ್ದವು. ಎರಡು ಅಚ್ಚಿನ ಕಡ್ಡಿಗಳು ನಡುವೆ ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಕೈಹಾಕಿ ಬಿಡಿಸಿದರೆ ಕೈಗವಸಿಗೆ ಮಸಿ, ಕೈಗವಸಿನಿಂದ ಹಾಳೆಗೆ ಮಸಿ. ಹಿಂದೆ ಒಂದು ಬೆಳಗಿನಲ್ಲಿ ಮುಗಿಯುತ್ತಿದ್ದ ಸುತ್ತೋಲೆಗೆ ಇಡೀ ದಿನ ಹಿಡಿಯಿತು. ಸ್ಟೆನ್ಸಿಲ್‌ಗಳು ಹರಿದವು. ನನಗೆ ಬರುತ್ತಿದ್ದ ಒಂದೇ ಒಂದು ವಿದ್ಯೆಯನ್ನು ನಾನೇ ಕೆಡಿಸುತ್ತಾ ಕೂತಿದ್ದೇನೆ ಅನ್ನಿಸಿತು. ಒಂದು ಮಧ್ಯಾಹ್ನ ಅರ್ಧ ಹೊಡೆದ ಸ್ಟೆನ್ಸಿಲ್ಲಿನ ಮುಂದೆ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟೆ. ಬರಿಗೈಯಲ್ಲಿ ಆ ಸುತ್ತೋಲೆ ಮುಗಿಸಿದೆ. ತಪ್ಪಿಲ್ಲದೆ ಮುಗಿಯಿತು. ಅದನ್ನು ಕಾರ್ಯದರ್ಶಿಗಳಿಗೆ ಕೊಟ್ಟು, "ನನ್ ಕೈಲಿ ಹಿಂಗೆ ಆಗುತ್ತೆ, ಹಂಗೆ ಆಗಲ್ಲ ಸಾರ್" ಎಂದೆ.

"ಹಂಗಾದ್ರೆ ನಾನೂ ಏನೂ ಮಾಡೋ ಹಂಗಿಲ್ಲ ಕಣಮ್ಮಾ" ಎಂದರು. ಬಾಗಿಲವರೆಗೂ ಬಂದರು. ಅಲ್ಲಿಗೆ ತರೀಕೆರೆಯ ಕೆಲಸ ಮುಗಿಯಿತು.

ಕೆಲವು ತಿಂಗಳ ನಂತರ ಅಜ್ಜಂಪುರದಲ್ಲಿ ಒಂದು ಖಾಸಗಿ ಪ್ರೌಢಶಾಲೆಯವರು ಗುಮಾಸ್ತೆ ಬೇಕೆಂದು ಅರ್ಜಿ ಕರೆದರು. ಸಂದರ್ಶನಕ್ಕೆ ಕರೆ ಬಂತು. ಕಲೆ ಈಗ ಮೊದಲಿಗಿಂತ ದೊಡ್ಡದಾಗಿತ್ತು. ಡಾಕ್ಟರು ಹೇಳಿದ ಹಾಗೆ ಸುಟ್ಟ ಜಾಗಗಳೆಲ್ಲ ಬೆಳ್ಳಗಾಗಿದ್ದವು. ಏನನ್ನೂ ಹಚ್ಚದೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ.

ಆಗ ತಂಗಿಗೆ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗನ ಮನೆಯವರು ಅಜ್ಜಂಪುರದವರೇ. ಅವರು ತಂಗಿಯನ್ನು ನೋಡಲು ಬಂದ ದಿನ ನನ್ನನ್ನು ಅಕ್ಕನ ಮನೆಗೆ ಕಳಿಸಿದ್ದರು.

"ಆ ಊರಲ್ಲೇ ಹೋಗಿ ಕೈ ತೋರಿಸ್ತೀಯಾ?" ಎಂದಳು ಅವ್ವ. "ಇವಳದೊಂದು ಮದ್ವೆ ಆಗ್ಲಿ. ಅಲ್ಲೀಗಂಟ ತಡಿಯೇ."

ತಂಗಿ ಒಲೆಯ ಮುಂದೆ ಕೂತಿದ್ದಳು. ತಿರುಗದೆಯೇ ಹೇಳಿದಳು: "ನಿನ್ ಕೆಲ್ಸಕ್ಕೆ ನನ್ ಬಾಳು ಹಾಳಾಗ್ಲಿ ಬಿಡು."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ತೊನ್ನಿರುವ ಮನೆಯ ಹೆಣ್ಣು ಎಂದರೆ ಆ ಕಾಲದಲ್ಲಿ ಜನ ಬಾಗಿಲಿಂದಲೇ ತಿರುಗಿ ಹೋಗುತ್ತಿದ್ದರು. ಅಪ್ಪನ ಮುಖ ನೋಡಿದೆ. ಅವರು ಬೀಡಿ ಆರಿಸಿ ಹೊರಗೆ ನಡೆದರು. ಸಂದರ್ಶನದ ದಿನದವರೆಗೂ ನಾವು ನಾಲ್ವರೂ ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಉಂಡೆವು. ಕಪಾಟಿನಲ್ಲಿ ಚೊಗರಿನ ಬಾಟಲಿ ಇನ್ನೂ ಇತ್ತು. ಎರಡು ಸಲ ಅದರ ಬಿರಡೆ ತೆಗೆದು ಮತ್ತೆ ಹಾಕಿದೆ. ತಂಗಿಗಾಗಿ ಹಚ್ಚಿಕೊಂಡು ಹೋಗಬಹುದಿತ್ತು. ಹಚ್ಚಿಕೊಂಡು ಹೋಗಿ ಕೆಲಸ ಸಿಕ್ಕಿದರೆ ಮತ್ತೆ ವಾರವಾರವೂ ಹಚ್ಚಬೇಕು, ಮತ್ತೆ ಸುಡಬೇಕು, ಮತ್ತೆ ಹರಡಬೇಕು. ಕೈ ಪೂರ್ತಿ ಹೋದ ಮೇಲೆ ನನ್ನನ್ನು ಯಾರು ಸಾಕುತ್ತಾರೆ? ಈ ಪ್ರಶ್ನೆಯ ಮುಂದೆ ಉಳಿದದ್ದೆಲ್ಲ ಸಣ್ಣದಾಯಿತು. ಹಾಗೆ ಸಣ್ಣದಾದದ್ದರಲ್ಲಿ ತಂಗಿಯ ಮದುವೆಯೂ ಇತ್ತು. ಅದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಗಿಡ್ಡ ತೋಳಿನ ರವಿಕೆ ಹಾಕಿಕೊಂಡೇ ಹೋದೆ.

ಮೂವರು ಕೂತಿದ್ದರು: ಶಾಲೆಯ ಅಧ್ಯಕ್ಷರು, ಕಮಿಟಿಯ ಇನ್ನೊಬ್ಬರು, ಹೆಡ್‌ಮಾಷ್ಟರು. ಅರ್ಜಿಯನ್ನು ಬಲಗೈಯಲ್ಲಿ ಕೊಟ್ಟೆ. ಕೂರು ಎನ್ನುವ ಮುಂಚೆಯೇ ಮಾತಾಡಿದೆ. ಅದು ಮೇಷ್ಟ್ರ ಪಾಠಕ್ಕೆ ವಿರುದ್ಧ. "ನನ್ ಕೈಯಲ್ಲಿ ತೊನ್ನಿದೆ ಸಾರ್. ಅಂಟಲ್ಲ, ಡಾಕ್ಟ್ರು ನೋಡಿದ್ದಾರೆ. ಬೆರಳು ಚೆನ್ನಾಗಿ ಓಡುತ್ತೆ. ನೋಡಿ ಬೇಕಾದ್ರೆ ಕೆಲ್ಸ ಕೊಡಿ" ಎಂದೆ. ಮನೆಯಲ್ಲಿ ಹತ್ತಾರು ಸಲ ಹೇಳಿಕೊಂಡು ಬಂದಿದ್ದ ಮಾತು. ಅಲ್ಲಿ ಜಗಳಕ್ಕೆ ಬಂದವಳ ಹಾಗೆ ಕೇಳಿಸಿತು.

ಅಧ್ಯಕ್ಷರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಹೆಡ್‌ಮಾಷ್ಟರು ಮಾತ್ರ ಒಂದು ಸುತ್ತೋಲೆ ಕೊಟ್ಟು, "ಟೈಪ್ ಮಾಡಮ್ಮಾ" ಎಂದರು.

ನಾನು ತಪ್ಪು ಮಾಡಿದೆ. ಮೊದಲ ಸಾಲಿನಲ್ಲೇ ಒತ್ತು ಬಿಟ್ಟುಹೋಯಿತು, ಎರಡನೆಯ ಸಾಲಿನಲ್ಲಿ ಒಂದು ಪದವೇ ಹಾರಿತು. ಬಣ್ಣ ಹಚ್ಚಿಕೊಂಡು ಹೋದಾಗ ಹೀಗಾಗಿರಲಿಲ್ಲ. ಹಾಳೆಯನ್ನು ಯಂತ್ರದಿಂದ ತೆಗೆದು, "ಇನ್ನೊಂದು ಹಾಳೆ ಕೊಡಿ ಸಾರ್, ಇದು ಸರಿಯಾಗ್ಲಿಲ್ಲ" ಎಂದೆ. ಹೆಡ್‌ಮಾಷ್ಟರು ಕೊಟ್ಟರು. ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು. ಇನ್‌ಸ್ಟಿಟ್ಯೂಟಿನಲ್ಲಾಗಿದ್ದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ.

"ಹೆಣ್ಮಕ್ಳು ಓದೋ ಜಾಗ ಕಣ್ರೀ" ಎಂದರು ಅಧ್ಯಕ್ಷರು, ನನ್ನ ಕಡೆ ನೋಡದೆ. "ನಾಳೆ ತಂದೆತಾಯಿ ಬಂದು ಕೇಳಿದ್ರೆ?"

"ನಾನೇ ಹೇಳ್ತೀನಿ ಬಿಡಿ" ಎಂದರು ಹೆಡ್‌ಮಾಷ್ಟರು. "ಬೇರೆ ಯಾರ್ಗೂ ಕನ್ನಡ ಟೈಪಿಂಗ್ ಬರಲ್ಲ. ಬಂದಿರೋರಲ್ಲಿ ಇವರೊಬ್ರೇ."

ಹೀಗೆ ನನ್ನ ಧೈರ್ಯಕ್ಕಿಂತ ಹೆಚ್ಚಾಗಿ ಬೇರೆ ಟೈಪಿಸ್ಟ್ ಇಲ್ಲದ ಕಾರಣಕ್ಕೆ ನನಗೆ ಆ ಕೆಲಸ ಸಿಕ್ಕಿತು. ತಾತ್ಕಾಲಿಕ ನೇಮಕ. ಷರತ್ತುಗಳಿದ್ದವು: ಆಫೀಸಿನ ಹಿಂದಿನ ಸಾಮಾನು ಕೋಣೆಯಲ್ಲಿ ಕೂರಬೇಕು, ಕೌಂಟರಿಗೆ ಬರಬಾರದು, ನೀರಿನ ಲೋಟ ನನ್ನದೇ ತಂದುಕೊಳ್ಳಬೇಕು. ಒಪ್ಪಿಕೊಂಡೆ. ಮಾತಾಡುವ ಶಕ್ತಿ ಆ ದಿನಕ್ಕೆ ಮುಗಿದುಹೋಗಿತ್ತು.

ಹುಡುಗನ ಮನೆಯವರಿಗೆ ವಿಷಯ ಮುಟ್ಟಲು ವಾರವೂ ಬೇಕಾಗಲಿಲ್ಲ. ಆ ಸಂಬಂಧ ತಪ್ಪಿತು. ತಂಗಿ ನನ್ನ ಜೊತೆ ಮಾತು ಬಿಟ್ಟಳು. ಬೆಳಿಗ್ಗೆ ನಾನು ಗಾಡಿಗೆ ಹೊರಡುವಾಗ ಬುತ್ತಿ ಮಾತ್ರ ಕಟ್ಟಿ ಹೊಸಿಲ ಮೇಲೆ ಇಟ್ಟಿರುತ್ತಿದ್ದಳು. ಅವಳಿಗೆ ಮದುವೆಯಾಗಲು ಮತ್ತೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದ ಲೆಕ್ಕವನ್ನು ಅವಳು ಎಂದೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ.

ಸಾಮಾನು ಕೋಣೆಯಲ್ಲಿ ಹಳೆಯ ಭೂಪಟಗಳು, ಮುರಿದ ಬೆಂಚುಗಳು, ನಾನು. ಕಿಟಕಿ ಇರಲಿಲ್ಲ. ಹೆಡ್‌ಮಾಷ್ಟರು ಕೆಲಸವನ್ನು ತಾವೇ ತಂದುಕೊಡುತ್ತಿದ್ದರು, ಕೈಯಿಂದ ಕೈಗೆ ಕೊಡುತ್ತಿದ್ದರು. ಉಳಿದವರು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟು ಹೋಗುತ್ತಿದ್ದರು.

ಜೂನ್ ತಿಂಗಳು ಬಂತು. ಹೊಸದಾಗಿ ಸೇರುವ ಮಕ್ಕಳ ದಂಡು. ಸುತ್ತಲಿನ ಹಳ್ಳಿಗಳಿಂದ ತಂದೆತಾಯಂದಿರು ಮಳೆಯಲ್ಲಿ ನೆನೆದುಕೊಂಡು ಬಂದು ವರಾಂಡದಲ್ಲಿ ನಿಂತಿದ್ದರು. ಕೌಂಟರಿನಲ್ಲಿದ್ದ ಹಿರಿಯ ಗುಮಾಸ್ತರು ಜ್ವರ ಬಂದು ಮಲಗಿಬಿಟ್ಟಿದ್ದರು. ಹೆಡ್‌ಮಾಷ್ಟರು ಸಾಮಾನು ಕೋಣೆಯ ಬಾಗಿಲಿಗೆ ಬಂದು, "ಬಾಮ್ಮಾ, ಕೌಂಟರಲ್ಲಿ ಕೂತ್ಕೋ" ಎಂದರು. ಕಮಿಟಿಯವರು ಏನೆಂದಾರೋ ಎಂದು ನಾನು ಅನುಮಾನಿಸಿದಾಗ, "ಅವರು ಬಂದು ಸಾಲು ಕರಗಿಸ್ತಾರೇನು?" ಎಂದು ರೇಗಿದರು.

ಮೊದಲ ಕೆಲವರು ಸಹಿ ಹಾಕುವವರು. ಪೆನ್ನು ಎತ್ತಿಕೊಂಡು, ಸಹಿ ಮಾಡಿ, ನನ್ನ ಕೈ ನೋಡಿ, ಪೆನ್ನನ್ನು ಮೇಜಿನ ಮೇಲೆ ದೂರ ಇಟ್ಟು ಹೋದರು. ಆಮೇಲೆ ಒಬ್ಬ ಹೆಂಗಸು ಬಂದಳು, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದಳು. ಸಹಿ ಬರುವುದಿಲ್ಲ ಎಂದಳು. ನಾನು ಮಸಿಯ ಪ್ಯಾಡು ತೆರೆದೆ. ಹೆಬ್ಬೆಟ್ಟು ಒತ್ತಿಸಬೇಕಾದರೆ ಬೆರಳನ್ನು ನಾವೇ ಹಿಡಿದು ಹೊರಳಿಸಬೇಕು, ಇಲ್ಲದಿದ್ದರೆ ಗುರುತು ಕದಡುತ್ತದೆ. ಕೈ ಚಾಚಿದೆ. ಅವಳು ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಏನವ್ವಾ ಅದು, ತೊನ್ನಾ?"

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು.

"ಹೂಂ, ತೊನ್ನು."

"ಅಂಟ್ತದಾ?"

"ಅಂಟಲ್ಲ ಕಣಮ್ಮ."

"ದಿಟವಾಗ್ಲೂ?"

"ದಿಟವಾಗ್ಲೂ. ಅವ್ವ, ತಂಗಿ ಎಲ್ಲಾ ನನ್ ಜೊತೇಲೇ ಇದ್ದಾರೆ. ಯಾರಿಗೂ ಬಂದಿಲ್ಲ."

ಇಷ್ಟು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದೆ. ಯಾರೂ ಈ ಪ್ರಶ್ನೆಯನ್ನು ನನ್ನ ಮುಖ ನೋಡಿಕೊಂಡು ಕೇಳಿರಲಿಲ್ಲ. ಅವಳು ಒಂದು ಗಳಿಗೆ ನನ್ನ ಕೈಯನ್ನೂ ಮುಖವನ್ನೂ ನೋಡಿದಳು. ಆಮೇಲೆ ಹೆಬ್ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಮುಂದೆ ಚಾಚಿದಳು.

"ಹಂಗಾರೆ ಹಿಡ್ಕಳವ್ವ. ನಂಗೆ ಒತ್ತಾಕೆ ಬರಾಕಿಲ್ಲ."

ಗದ್ದೆಯ ಕೆಲಸದಿಂದ ಒರಟಾದ, ಮಳೆಗೆ ತಣ್ಣಗಾದ ಬೆರಳು. ಅದನ್ನು ಹಿಡಿದು ಮಸಿಯ ಮೇಲೆ ಎಡದಿಂದ ಬಲಕ್ಕೆ ಹೊರಳಿಸಿದೆ, ಹಾಳೆಯ ಮೇಲೆ ಇಟ್ಟು ಒತ್ತಿದೆ, ಅಲುಗಾಡದಂತೆ ಎತ್ತಿದೆ. ಗೆರೆಗಳೆಲ್ಲ ಬಿಡಿಬಿಡಿಯಾಗಿ ಮೂಡಿದ್ದವು. ಮುಂದಿನವರನ್ನು ಕರೆದೆ.